ಗೆಳೆಯನಿಗೊಂದು ಪತ್ರ: ಹಾಲ್‌ನಲ್ಲಿ ಗೋದಲಿ, ಒಲೆ ಮೇಲೆ ಬಫಾತ್

ಪ್ರೀತಿಯ ಮಾರಾಯ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಬೆಂಗಳೂರಿನ ಹೊಸ ಫ್ಲ್ಯಾಟಿನಲ್ಲಿ ಮೊದಲ ನತಾಲಾಂ, ಅಂದರೆ ಕ್ರಿಸ್ಮಸ್, ಇಪ್ಪತ್ತು ಜನ, ಅದರಲ್ಲಿ ಹನ್ನೆರಡು ಮಂದಿ ನಮ್ಮ ಕಡೆಯ ಕ್ರೈಸ್ತರು, ಉಳಿದವರು ನಿನ್ನ ಆಫೀಸು ಮತ್ತು ಅಕ್ಕಪಕ್ಕದ ಮನೆಯವರು. ಇಷ್ಟು ಹೇಳಿ "ಎಂತ ಮಾಡುದು ಹೇಳು" ಅಂತ ಫೋನ್ ಇಟ್ಟಿದ್ದೀ. ಮಾತಿನಲ್ಲಿ ಹೇಳಿದರೆ ನೀನು ಅರ್ಧ ಮರೆಯುತ್ತೀ, ಉಳಿದರ್ಧವನ್ನು ತಲೆಕೆಳಗು ಮಾಡುತ್ತೀ. ಅದಕ್ಕೇ ಎಲ್ಲರ ಎದುರು ಬರೆಯುತ್ತಿದ್ದೇನೆ. ಸಾಕ್ಷಿಗಳಿದ್ದರೆ ನೀನು ತಪ್ಪಿಸಿಕೊಳ್ಳಲಾರೆ.

24ರ ರಾತ್ರಿ ಯಾರನ್ನೂ ಕರೆಯಬೇಡ. ಚರ್ಚಿನ ಬಲಿಪೂಜೆ ಮುಗಿಸಿ ಬಂದ ಮೇಲೆ ನಿಮ್ಮಿಬ್ಬರಿಗೂ ನಿಲ್ಲಲು ಕಾಲಿರುವುದಿಲ್ಲ. 25ರ ಸಂಜೆ ಆರೂವರೆಗೆ ಅಂತ ಹೇಳು, ಏಳೂವರೆಗೆ ಬರುತ್ತಾರೆ. ಹತ್ತಕ್ಕೆ ಸ್ಪೀಕರ್ ಬಂದ್ ಮಾಡಲೇಬೇಕು, ಆದ್ದರಿಂದ ಹೌಸಿ (ತಂಬೋಲ ಆಟ) ಮೊದಲು, ಊಟ ಆಮೇಲೆ. ಊಟ ಆದ ಮೇಲೆ ಹೌಸಿ ಚೀಟಿ ಕೈಗೆ ಕೊಟ್ಟರೆ ಅರ್ಧ ಜನ ಸೋಫಾದಲ್ಲೇ ನಿದ್ದೆ.

ಕುಸ್ವಾರ್‌ನಿಂದ, ಅಂದರೆ ನಮ್ಮ ಕ್ರಿಸ್ಮಸ್ ತಿಂಡಿಗಳಿಂದ, ಶುರು ಮಾಡುವ. ಎಂಟು ಹತ್ತು ಬಗೆ ಮಾಡಲು ಹೋಗಬೇಡ, ಮೂರು ಸಾಕು: ನೆವ್ರ್ಯೊ (ನಮ್ಮ ಕರ್ಜಿಕಾಯಿ), ಕಿಡಿಯೊ, ರೋಸ್ ಕುಕೀಸ್. ಚಕ್ಕುಲಿ ಅಂಗಡಿಯಿಂದ ತಾ, ಯಾರೂ ಕೇಳುವುದಿಲ್ಲ.

ನೆವ್ರ್ಯೊಗೆ ಅರ್ಧ ಕಿಲೊ ಮೈದಾ, ಎರಡು ದೊಡ್ಡ ಚಮಚ ಬಿಸಿ ತುಪ್ಪ, ಚಿಟಿಕೆ ಉಪ್ಪು, ಬೇಕಾದಷ್ಟೇ ನೀರು. ಕಣಕ ಪೂರಿ ಹಿಟ್ಟಿನಷ್ಟು ಗಟ್ಟಿ ಇರಬೇಕು. ಹೂರಣಕ್ಕೆ ಒಂದು ತೆಂಗಿನಕಾಯಿಯ ತುರಿ, 150 ಗ್ರಾಂ ಹುರಿದ ಎಳ್ಳು, 100 ಗ್ರಾಂ ಗೇರುಬೀಜದ ಚೂರು, ಒಂದು ಮುಷ್ಟಿ ದ್ರಾಕ್ಷಿ, 250 ಗ್ರಾಂ ಪುಡಿ ಸಕ್ಕರೆ, ಏಳೆಂಟು ಏಲಕ್ಕಿ. ಎಡವುವುದು ತೆಂಗಿನತುರಿಯಲ್ಲಿ. ಸಣ್ಣ ಉರಿಯಲ್ಲಿ ಹುರಿಯುತ್ತಾ ಹೋಗು. ಕೈಯಲ್ಲಿ ಹಿಡಿದರೆ ಅಂಟದೆ ಉದುರಬೇಕು, ಬಣ್ಣ ಮಾತ್ರ ಕೆಂಪಾಗಬಾರದು. ತೇವ ಉಳಿದರೆ ನಾಲ್ಕನೇ ದಿನಕ್ಕೆ ಕಮಟು ವಾಸನೆ. ಸಕ್ಕರೆ ಹಾಕುವುದು ಪೂರ್ತಿ ಆರಿದ ಮೇಲೆಯೇ. ಬಿಸಿಗೆ ಹಾಕಿದರೆ ಕರಗಿ ನೀರಾಗುತ್ತದೆ, ಆ ನೀರು ಅಂಚು ಬಿಡಿಸುತ್ತದೆ, ಒಂದು ನೆವ್ರಿ ಎಣ್ಣೆಯಲ್ಲಿ ಒಡೆದರೆ ಬಾಣಲೆ ತುಂಬ ಕಪ್ಪು ಎಳ್ಳು ತೇಲಿ ಮುಂದಿನದ್ದೆಲ್ಲ ಕೊಳಕು ಕಾಣುತ್ತದೆ. ಅಂಚಿಗೆ ನೀರು ಸವರಿ ಒತ್ತು. ಕರ್ಜಿಕಾಯಿ ಅಚ್ಚಿದ್ದರೆ ಅದೇ ಸಾಕು. ಈ ಅಳತೆಗೆ ಐವತ್ತರ ಹತ್ತಿರ ಆಗುತ್ತದೆ.

ಕಿಡಿಯೊ, ಬೆಂಗಳೂರಿನವರ ಕಲ್‌ಕಲ್, ಸುಲಭ, ಆದರೆ ಕೈಕೆಲಸ ಜಾಸ್ತಿ. ಅರ್ಧ ಕಿಲೊ ಮೈದಾ, 50 ಗ್ರಾಂ ತುಪ್ಪ, 100 ಗ್ರಾಂ ಪುಡಿ ಸಕ್ಕರೆ, ಉಪ್ಪು, ಕಲಸಲು ಸುಮಾರು 200 ಮಿಲಿ ದಪ್ಪ ತೆಂಗಿನಹಾಲು. ಮೊಟ್ಟೆ ಹಾಕುವವರಿದ್ದಾರೆ, ನೀನು ಹಾಕಬೇಡ, ಕಾರಣ ಮುಂದೆ ಹೇಳುತ್ತೇನೆ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡು. ಗೋಲಿಯಷ್ಟು ಹಿಟ್ಟನ್ನು ಹೊಸ ಬಾಚಣಿಗೆಯ ಮೇಲೋ ಫೋರ್ಕಿನ ಬೆನ್ನ ಮೇಲೋ ಒತ್ತಿ ಸುರುಳಿ ಸುತ್ತು. (ಹೊಸದು ಅಂದರೆ ಹೊಸದು. ನಿನ್ನನ್ನು ನಾನು ಬಲ್ಲೆ.) ಹಿಟ್ಟು ಮೆತ್ತಗಾದರೆ ಗೆರೆ ಮೂಡುವುದಿಲ್ಲ, ಎಣ್ಣೆಯನ್ನೂ ಕುಡಿಯುತ್ತದೆ. ಉರಿ ಮಧ್ಯಮಕ್ಕಿಂತ ಕಡಿಮೆ ಇರಲಿ. ದೊಡ್ಡ ಉರಿಯಲ್ಲಿ ಹೊರಗೆ ಕೆಂಪು, ಒಳಗೆ ಹಸಿ, ಎರಡು ದಿನಕ್ಕೆ ಮೆತ್ತಗೆ. ಮೇಲೆ ಸಕ್ಕರೆ ಕೋಟ್ ಬೇಕಾದರೆ ಪಾಕ ಎರಡೆಳೆ ಬರಬೇಕು. ಕಿಡಿಯೊ ಹಾಕಿ ಒಲೆಯಿಂದಿಳಿಸಿ, ಸಕ್ಕರೆ ಬೆಳ್ಳಗೆ ಹರಳುಗಟ್ಟುವ ತನಕ ಬಿಡದೆ ಕೈಯಾಡಿಸು. ಒಂದೆಳೆಯಲ್ಲೇ ಅವಸರ ಮಾಡಿದರೆ ಎಲ್ಲ ಸೇರಿ ಒಂದೇ ಮುದ್ದೆ.

ರೋಸ್ ಕುಕೀಸ್‌ನಲ್ಲಿ ಮರ್ಜಿ ಪೂರಾ ಅಚ್ಚಿನದು. 250 ಗ್ರಾಂ ಮೈದಾ, 50 ಗ್ರಾಂ ಅಕ್ಕಿಹಿಟ್ಟು, 100 ಗ್ರಾಂ ಪುಡಿ ಸಕ್ಕರೆ, ಒಂದು ಮೊಟ್ಟೆ, ತೆಂಗಿನಹಾಲು 300 ಮಿಲಿಯ ಸುತ್ತಮುತ್ತ. ಹಿಟ್ಟು ದೋಸೆಯದ್ದಕ್ಕಿಂತ ತುಸು ತೆಳು. ಹೊಸ ಅಚ್ಚನ್ನು ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ಮುಳುಗಿಸಿಡು. ಕಾದ ಎಣ್ಣೆಯಲ್ಲಿ ಅಚ್ಚನ್ನು ಬಿಸಿ ಮಾಡಿ, ಹಿಟ್ಟಿನಲ್ಲಿ ಮುಕ್ಕಾಲು ಮಾತ್ರ ಅದ್ದಬೇಕು. ಮೇಲಂಚು ಮುಳುಗಿದರೆ ಕುಕೀ ಅಚ್ಚನ್ನು ತಬ್ಬಿಕೊಂಡು ಬಿಡುವುದೇ ಇಲ್ಲ. ಅಚ್ಚು ತಣ್ಣಗಿದ್ದರೆ ಹಿಟ್ಟು ಸರಿಯಾಗಿ ಹಿಡಿಯುವುದಿಲ್ಲ, ಅತಿ ಕಾದರೆ ಹಿಟ್ಟಿನಲ್ಲಿ ಚೊಂಯ್ ಎಂದು ಬರಿದಾಗಿ ಮೇಲೆ ಬರುತ್ತದೆ. ಮೊದಲ ನಾಲ್ಕು ಹಾಳಾಗುವುದು ಲೆಕ್ಕದಲ್ಲೇ ಉಂಟು. ಸಕ್ಕರೆ ಹೆಚ್ಚು ಸುರಿಯಬೇಡ, ಬೇಗ ಕಪ್ಪಾಗುತ್ತದೆ, ಗರಿಯೂ ಹೋಗುತ್ತದೆ.

ಎಣ್ಣೆಯ ಸರದಿ ನೆನಪಿಡು: ಮೊದಲು ನೆವ್ರ್ಯೊ, ಆಮೇಲೆ ಕಿಡಿಯೊ, ಕೊನೆಗೆ ರೋಸ್ ಕುಕೀಸ್. ಮೊಟ್ಟೆಯ ಹಿಟ್ಟು ಬಿದ್ದ ಎಣ್ಣೆಯಲ್ಲಿ ಕರಿದದ್ದನ್ನು ಮೊಟ್ಟೆ ತಿನ್ನದವರಿಗೆ ಕೊಡುವುದು ಸರಿಯಲ್ಲ. ಅದಕ್ಕೇ ಕಿಡಿಯೊಗೆ ಮೊಟ್ಟೆ ಬೇಡ ಎಂದದ್ದು. ತಟ್ಟೆಯೂ ಬೇರೆ, ಡಬ್ಬಿಯೂ ಬೇರೆ.

ಕೇಕಿನ ಹಣ್ಣು ಇವತ್ತೇ ನೆನೆಹಾಕು. ಒಣದ್ರಾಕ್ಷಿ, ಕಪ್ಪು ದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆ, ಎಲ್ಲ ಸೇರಿ ಅರ್ಧ ಕಿಲೊಗೆ 200 ಮಿಲಿ ರಮ್. ಬೇಯುವಾಗ ರಮ್ ಎಲ್ಲ ಹಾರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡ, ಸ್ವಲ್ಪ ಉಳಿದೇ ಉಳಿಯುತ್ತದೆ. ಮದ್ಯ ಮುಟ್ಟದವರಿಗೂ ಮಕ್ಕಳಿಗೂ ಕಿತ್ತಳೆ ರಸದಲ್ಲಿ ನೆನೆಸಿದ ಇನ್ನೊಂದು ಕೇಕ್ ಮಾಡು. ಆದರೆ ರಸದ ಹಣ್ಣು ಫ್ರಿಜ್‌ನಲ್ಲಿ ಎರಡು ದಿನ ಮಾತ್ರ, ಹೊರಗಿಟ್ಟರೆ ಹುಳಿಯುತ್ತದೆ. ಬಣ್ಣಕ್ಕೆ 100 ಗ್ರಾಂ ಸಕ್ಕರೆಯನ್ನು ಕಡುಕಂದು ಆಗುವ ತನಕ ಕರಗಿಸಿ, ಬಿಸಿನೀರನ್ನು ದೂರ ನಿಂತು ಸ್ವಲ್ಪಸ್ವಲ್ಪವೇ ಹಾಕು. ತಣ್ಣೀರು ಹಾಕಿದರೆ ಮುಖಕ್ಕೇ ಸಿಡಿಯುತ್ತದೆ. ಹಣ್ಣು ತಳ ಸೇರದಿರಲು ಒಂದು ಚಮಚ ಮೈದಾದಲ್ಲಿ ಹೊರಳಿಸು. ಎಂಟಿಂಚಿನ ಡಬ್ಬಿಗೆ 150 ಡಿಗ್ರಿಯಲ್ಲಿ ಒಂದೂಕಾಲರಿಂದ ಒಂದೂವರೆ ಗಂಟೆ. ನೆತ್ತಿ ಬಿರಿದರೆ ಓವನ್ ಬಿಸಿ ಜಾಸ್ತಿಯಾಯಿತು ಎಂದರ್ಥ. ಮೊಟ್ಟೆಯಿಲ್ಲದ ಕೇಕ್ ಬೇಕರಿಯಿಂದ ತಾ. ಅದರಲ್ಲೂ ಜಾಣನಾಗಲು ಹೋಗಬೇಡ.

ಇನ್ನು ಬಫಾತ್, ನಮ್ಮ ಹಂದಿ ಪದಾರ್ಥ. ಹನ್ನೆರಡು ಮಂದಿಗೆ ನೆಣ ಸೇರಿದ ಹಂದಿಮಾಂಸ ಮೂರು ಕಿಲೊ, ತುಂಡು ಒಂದೂವರೆ ಇಂಚು. ನೆಣ ಬೇಡ ಎಂದು ಕಡಿಸಿ ತಂದರೆ ಅದು ಬಫಾತ್ ಅಲ್ಲ, ಡಯಟ್. ದೊಡ್ಡ ಈರುಳ್ಳಿ ಏಳು, ಬೆಳ್ಳುಳ್ಳಿ ಮೂರು ಗಡ್ಡೆ, ಶುಂಠಿ ಮುಕ್ಕಾಲು ಗೇಣು, ಹಸಿಮೆಣಸು ಹದಿನೈದು, ಕಿಲೊಗೆ ಎರಡರಿಂದ ಎರಡೂವರೆ ದೊಡ್ಡ ಚಮಚ ಬಫಾತ್ ಪುಡಿ, ಎರಡು ಚಮಚ ವಿನೆಗರ್, ಉಪ್ಪು. ಎಲ್ಲ ಕಲಸಿ ಒಂದು ಗಂಟೆ ಬಿಟ್ಟು ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸು. ನೀರು ಹಾಕಬೇಡ, ಮಾಂಸ ತಾನೇ ಬಿಡುತ್ತದೆ. ಕುಕ್ಕರ್ ಬೇಡ, ನೆಣ ಕರಗಿ ತುಂಡು ಎಳೆ ಬಿಡುತ್ತದೆ. ವಿನೆಗರ್ ಇರುವುದರಿಂದ ಅಲ್ಯೂಮಿನಿಯಂ ಪಾತ್ರೆ ಬೇಡ, ಮಣ್ಣಿನದೋ ಸ್ಟೀಲಿನದೋ ಇರಲಿ. 24ರ ಮಧ್ಯಾಹ್ನವೇ ಮಾಡಿ, ಅಗಲ ಪಾತ್ರೆಗಳಿಗೆ ಹಂಚಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸು. ಮರುದಿನ ಮೇಲೆ ಗಟ್ಟಿಯಾದ ನೆಣದಲ್ಲಿ ಅರ್ಧ ತೆಗೆದು, ಒಂದೇ ಸಲ ಚೆನ್ನಾಗಿ ಕುದಿಸಿ ಬಡಿಸು. ಮೊದಲ ದಿನದ್ದಕ್ಕಿಂತ ಇದು ರುಚಿ.

ಸಾನ್ನಾಂಗೆ, ಅಂದರೆ ನಮ್ಮ ಉಬ್ಬಿದ ಇಡ್ಲಿಗೆ, ಒಂದು ಕಿಲೊ ದೋಸೆ ಅಕ್ಕಿಗೆ ಕಾಲು ಕಿಲೊ ಉದ್ದು. ಉದ್ದು ಉಬ್ಬುವಂತೆ, ಅಕ್ಕಿ ನುಣ್ಣಗೆ ರುಬ್ಬಿ ಸೇರಿಸು. ಊರಿನ ಹಾಗೆ ಕಳ್ಳು ಹುಡುಕುತ್ತಾ ಅಲೆಯಬೇಡ, ಕೆಲವರು ಕಳ್ಳು ಹಾಕಿದ್ದು ತಿನ್ನುವುದೂ ಇಲ್ಲ. ಅರ್ಧ ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ, ಒಂದು ಚಮಚ ಒಣ ಈಸ್ಟ್. ಬೆರಳಿಗೆ ಸುಡುವ ನೀರಾದರೆ ಈಸ್ಟ್ ಸತ್ತಂತೆ. ಊರಿನ ಸೆಕೆಗೆ ಒಂದೂವರೆ ಗಂಟೆಗೆ ಉಬ್ಬುವ ಹಿಟ್ಟು ಬೆಂಗಳೂರಿನ ಡಿಸೆಂಬರ್ ಚಳಿಗೆ ಮೂರು ಗಂಟೆ ತೆಗೆದುಕೊಳ್ಳುತ್ತದೆ. ಓವನ್ನಿನ ಲೈಟ್ ಮಾತ್ರ ಹಚ್ಚಿ ಒಳಗಿಡು. ಉಬ್ಬಿದ ಮೇಲೆ ಸೌಟು ಹಾಕಿ ತಿರುವಬೇಡ, ಗಾಳಿ ಹೋಗಿ ಕಲ್ಲಾಗುತ್ತದೆ. ಬಟ್ಟಲಿಗೆ ಅರ್ಧ ಹೊಯ್ದು ಹದಿನೈದು ನಿಮಿಷ ಹಬೆ. ಮುಚ್ಚಳದಡಿ ಬಟ್ಟೆ ಕಟ್ಟು, ಇಲ್ಲದಿದ್ದರೆ ನೀರು ತೊಟ್ಟಿಕ್ಕಿ ಮೇಲೆಲ್ಲ ಗುಳಿ.

ಸಸ್ಯಾಹಾರಿಗಳಿಗೆ ಎಲ್ಲರೂ ಮಾಡುವ ಪನೀರ್ ಬೇಡ. ಸಾನ್ನಾಂ ಜೊತೆ ಕಡಲೆ ಗಸಿ ಮಾಡು. ಅದಕ್ಕೆ ಬೇರೆ ಸೌಟು, ಬೇರೆ ಮೇಜು, ಎರಡು ಮೇಜಿನ ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಎದುರಿಗೆ ಚೀಟಿ: "ಮೊಟ್ಟೆ ಉಂಟು", "ರಮ್ ಉಂಟು", "ಹಂದಿ". ಕುಡಿಯಲು ಬೆಂಗಳೂರು ನೀಲಿ ದ್ರಾಕ್ಷಿಯ ರಸಕ್ಕೆ ಚಕ್ಕೆ, ಲವಂಗ, ಶುಂಠಿ ಹಾಕಿ ಬಿಸಿ ಮಾಡು, ಕುದಿಸಬೇಡ. ಅದು ಎಲ್ಲರಿಗೂ ನಡೆಯುತ್ತದೆ.

ಅಲಂಕಾರಕ್ಕೆ ಬರುವ. ಟ್ರೀ ಬಗ್ಗೆ ಹೇಳುವುದೇನಿಲ್ಲ, ನರ್ಸರಿಯ ಕುಂಡದ್ದು ತಂದರೆ ಆಯ್ತು. ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಜೋಡಣೆಗೆ, ಮಾತ್ರ ತಯಾರಿ ಬೇಕು. ಅದರ ಹಸಿರು ಪೈರಿಗೆ 13ರ ರಾತ್ರಿ ರಾಗಿ ಅಥವಾ ಗೋಧಿ ನೆನೆಸು. ಅಗಲ ತಟ್ಟೆಯಲ್ಲಿ ತೆಳು ಮಣ್ಣು ಹರಡಿ ಬಿತ್ತು, ಮೂರು ದಿನ ಕತ್ತಲು, ಆಮೇಲೆ ಕಿಟಕಿ. ನೀರು ಚಿಮುಕಿಸಬೇಕು, ಹೊಯ್ಯಬಾರದು. ತುಂಬ ಮುಂಚೆ ಬಿತ್ತಿದರೆ 25ಕ್ಕೆ ಹಳದಿಯಾಗಿ ಮಲಗುತ್ತದೆ. ಬೈಹುಲ್ಲಿನ ಮಾಡಿಗೆ ಎಲ್‌ಇಡಿ ಸರ ಮಾತ್ರ, ಮಲಗುವಾಗ ಪ್ಲಗ್ ಕೀಳು. ಬಾಲಯೇಸುವನ್ನು 24ರ ರಾತ್ರಿಯೇ ಇಡುವುದು. ಮಗುವನ್ನು ನೋಡಲು ಬರುವ ಮೂವರು ರಾಯರ ಬೊಂಬೆಗಳು ಜನವರಿ 6ರ ತನಕ ದಾರಿಯಲ್ಲೇ ಇರಲಿ.

ಮತ್ತೆ ಜಾಗ. "ಮೊದಲ ಸಲ ಬರುವವರಿಗೆ ಯಾಕೆ, ಗೋದಲಿಯನ್ನು ಒಳಕೋಣೆಯಲ್ಲಿಟ್ಟು ಟ್ರೀಯನ್ನು ಹಾಲ್‌ನಲ್ಲಿಡು" ಎಂದು ಬರೆದು, ಅಳಿಸಿ, ಮೇಲಿನಿಂದ ಎಲ್ಲ ಇನ್ನೊಮ್ಮೆ ಓದಿದೆ. ಬೇರೆ ಎಣ್ಣೆ, ಬೇರೆ ಸೌಟು, ಚೀಟಿ, ಇವೆಲ್ಲ ಮರ್ಯಾದೆ ಮಾರಾಯ, ಅದರಲ್ಲಿ ನನಗೆ ಸಂಶಯವಿಲ್ಲ. ಮನೆಗೆ ಬಂದವರು ಏನು ತಿನ್ನುತ್ತಿದ್ದೇವೆಂದು ಗೊತ್ತಿದ್ದೇ ತಿನ್ನಬೇಕು. ಆದರೆ ಗೋದಲಿಯನ್ನು ಒಳಗೆ ಸರಿಸುವುದು ಯಾರ ಹೊಟ್ಟೆಗೆ ಸಂಬಂಧಿಸಿದ್ದು? ಟ್ರೀ, ಸ್ಯಾಂಟಾ ಟೊಪ್ಪಿ ಇದ್ದರೆ ಎಲ್ಲರೂ ಸೆಲ್ಫಿ ತೆಗೆಯುತ್ತಾರೆ. ಹುಲ್ಲಿನ ಮೇಲೆ ಮಲಗಿದ ಮಗು ಇದ್ದರೆ ಅದು "ಧರ್ಮ" ಆಗಿಬಿಡುತ್ತದೆ ಎಂದು ಮೊದಲು ಹೆದರುವವನು ನಾನೇ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸರು ಹುಲ್ಲು, ಎತ್ತು, ಕತ್ತೆ ಜೋಡಿಸಿದ್ದು ಊರಿನ ಜನ ಬಂದು ಕಣ್ಣಾರೆ ನೋಡಲಿ ಎಂದು. ನಾನು ಅದನ್ನು ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಪಕ್ಕ ಇಟ್ಟು ಬಾಗಿಲು ಎಳೆದುಕೊಳ್ಳುತ್ತೇನೆ.

ಹೋದ ವರ್ಷ ನಾನು ಗ್ರೂಪಿಗೆ ಹಾಕಿದ ಆಹ್ವಾನದಲ್ಲಿ ಕ್ರಿಸ್ಮಸ್ ಎಂಬ ಪದವೇ ಇರಲಿಲ್ಲ. "ಇಯರ್ ಎಂಡ್ ಗೆಟ್ ಟುಗೆದರ್" ಅಂತಿತ್ತು. ಹಾಗೆ ಹಾಕು ಎಂದು ಯಾರೂ ಹೇಳಿರಲಿಲ್ಲ. ಬಫಾತ್ ಪಾತ್ರೆ ಅಡುಗೆಮನೆಯಲ್ಲೇ ಇತ್ತು, ನಮ್ಮವರನ್ನು ಒಬ್ಬೊಬ್ಬರನ್ನೇ ಕಣ್ಸನ್ನೆಯಲ್ಲಿ ಒಳಗೆ ಕರೆದದ್ದೂ ಉಂಟು, "ಅದು ಒಳಗುಂಟು" ಅಂತ, ಹೆಸರೂ ಹೇಳದೆ. ಬಂದವರಲ್ಲಿ ಯಾರಾದರೂ ಮುಖ ಸಿಂಡರಿಸಿದ್ದರೆ ಅವರ ಮೇಲೆ ಹಾಕಿ ಸುಮ್ಮನಾಗಬಹುದಿತ್ತು. ಯಾರೂ ಸಿಂಡರಿಸಲಿಲ್ಲ. ಯಾರಿಗಾಗಿ ಇಷ್ಟು ಮೆಲ್ಲ ಮಾತಾಡುವುದನ್ನು ಕಲಿತೆ ಎಂದು ಈಗ ಕೇಳಿಕೊಂಡರೆ ಉತ್ತರ ಹೊಳೆಯುತ್ತಿಲ್ಲ.

ಸರಿ, ಸಾಕು. ಪಾಕದ ಎಳೆ ನೋಡುತ್ತಾ ಕೂತವನು ಎಲ್ಲಿಗೋ ಹೋದೆ. ಇದನ್ನು ಓದುತ್ತಿರುವ ನನ್ನ ಆಫೀಸಿನವರೇ, ದೂರು ನಿಮ್ಮ ಮೇಲಲ್ಲ. ನೆವ್ರ್ಯೊ ಡಬ್ಬಿ ಖಾಲಿ ಮಾಡಿ ಕಳಿಸಿದವರು ನೀವು, ನಿಮ್ಮ ಬಗ್ಗೆ ನನಗಿರುವುದು ಬರೀ ಆರ್ಥಿಕ ಆತಂಕ.

ನೀನು ಗೋದಲಿಯನ್ನು ಟಿವಿ ಮುಂದೆಯೇ ಇಡು. ಟಿವಿ ಕಾಣದಿದ್ದರೆ ಇನ್ನೂ ಒಳ್ಳೆಯದು, ಕ್ರಿಕೆಟ್ ಹಾಕುವವರು ಇರುವುದಿಲ್ಲ. ಆಹ್ವಾನದಲ್ಲಿ ಕ್ರಿಸ್ಮಸ್ ಅಂತಲೇ ಬರೆ, ದಪ್ಪ ಅಕ್ಷರದಲ್ಲಿ. ಬಫಾತ್ ಮೇಜಿನ ಮೇಲೆ ಬರಲಿ, ಚೀಟಿ ಸಮೇತ. ನಕ್ಷತ್ರದ ಗೂಡುದೀಪ ಬಾಲ್ಕನಿಯ ಹೊರಗೆ ಕಟ್ಟು, ಒಳಗಲ್ಲ. ಎರಡು ಕಡೆ ದಾರ ಎಳೆದು ಬಿಗಿ, ಒಂದೇ ದಾರಕ್ಕೆ ಗಾಳಿಯಲ್ಲಿ ಸುತ್ತಿ ವಯರ್ ತಿರುಚಿಕೊಳ್ಳುತ್ತದೆ.

ನಾನು ಊರಿಂದ 27ರ ಬೆಳಗ್ಗೆ ಬಸ್ಸಿಳಿದು ನೇರ ನಿಮ್ಮಲ್ಲಿಗೇ ಬರುವವನು. ಬಫಾತ್‌ನಲ್ಲಿ ಒಂದು ಡಬ್ಬಿ 25ರ ಸಂಜೆ ಜನ ಬರುವ ಮುಂಚೆಯೇ ಎತ್ತಿ ಫ್ರೀಜರಿನಲ್ಲಿಡು. ಅದರ ಮೇಲೆ ನನ್ನ ಹೆಸರು ನಿನ್ನ ಹೆಂಡತಿಯ ಕೈಯಲ್ಲಿ ಬರೆಸು, ನಿನ್ನ ಅಕ್ಷರ ಯಾರಿಗೂ ಅರ್ಥ ಆಗುವುದಿಲ್ಲ.

ಇಂತಿ,
ಕೊನೆ ಬೆಂಚಿನ ನಿನ್ನವನು