‘1934ರ ಬಾಂಡ್’ ಎಂದರೆ ಮೊದಲು ಭೂತಗನ್ನಡಿ ಹಿಡಿಯಿರಿ

ಮಾನ್ಯ ಸಂಪಾದಕರೇ,

‘ಪೆಟ್ಟಿಗೆಯಲ್ಲಿ ಹಳೆಯ ಅಮೆರಿಕನ್ ಬಾಂಡ್ (ಸಾಲಪತ್ರ) ಇದೆ, ಬಿಡಿಸಿಕೊಳ್ಳುವ ಖರ್ಚಿಗೆ ದುಡ್ಡು ಹಾಕಿ, ಪಾಲು ಕೊಡುತ್ತೇವೆ’ ಎಂದು ಯಾರಾದರೂ ಬಂದರೆ ಮೊದಲು ಇಸವಿ ಮತ್ತು ಮೊತ್ತ ನೋಡಿ. ಇಂಥ ನಕಲಿಗಳಲ್ಲಿ ಹೆಚ್ಚಾಗಿ ಕಾಣುವುದು 1934 ಮತ್ತು ಅಮೆರಿಕದ ಕೇಂದ್ರ ಬ್ಯಾಂಕಾದ ‘ಫೆಡರಲ್ ರಿಸರ್ವ್’ ಹೆಸರು. ಆ ಸಂಸ್ಥೆ ಬಾಂಡ್ ಹೊರಡಿಸಿದ್ದೇ ಇಲ್ಲ; ಅಮೆರಿಕ ಸರ್ಕಾರದ ಸಾಲಪತ್ರ ಹೊರಡಿಸುವುದು ಅಲ್ಲಿನ ಖಜಾನೆ ಇಲಾಖೆ. 2012ರಲ್ಲಿ ಇಟಲಿಯ ತನಿಖೆಯಲ್ಲಿ ಜ್ಯೂರಿಕ್‌ನಿಂದ ವಶವಾದ, ಲೋಹದ ಪೆಟ್ಟಿಗೆಗಳಲ್ಲಿದ್ದ ಖೊಟ್ಟಿ ಪತ್ರಗಳ ಮುಖಬೆಲೆ 6 ಲಕ್ಷ ಕೋಟಿ ಡಾಲರ್. 1934ರಲ್ಲಿ ಅಮೆರಿಕದ ಒಟ್ಟು ಸಾಲವೇ ಸುಮಾರು 2,700 ಕೋಟಿ ಡಾಲರ್! ವಿಳಾಸದಲ್ಲಿ ಜಿಪ್ ಕೋಡ್ (ಅಮೆರಿಕದ ಪಿನ್‌ಕೋಡ್) ಇದ್ದರಂತೂ ಮುಂದೆ ನೋಡುವುದೇ ಬೇಡ, ಅದು ಬಂದದ್ದು 1963ರಲ್ಲಿ.

ಮೊತ್ತ ನಂಬುವಂತಿದ್ದರೆ, ಉದಾಹರಣೆಗೆ 1913ರಲ್ಲಿ ಚೀನಾ ಸರ್ಕಾರ ವಿದೇಶಗಳಲ್ಲಿ ಎತ್ತಿದ ‘ಚಿನ್ನದ ಸಾಲ’ದ 20 ಪೌಂಡ್ ಪತ್ರವಾದರೆ, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಅಂಚಿನ ಬಳ್ಳಿ ನೋಡಿ. ತಗಡಿನಲ್ಲಿ ಕೆತ್ತಿ ಒತ್ತಿದ ಗೆರೆ ಕೂದಲೆಳೆಯಷ್ಟಿದ್ದರೂ ಕಡಿಯದೆ ಒಂದೇ ಶಾಯಿಯಲ್ಲಿ ಓಡುತ್ತದೆ, ಬೆರಳಿಗೆ ತುಸು ಉಬ್ಬು ತಾಗುತ್ತದೆ. ಸಪಾಟು ಕಲ್ಲಿನಿಂದ ಒತ್ತಿದ ಕಲ್ಲಚ್ಚಿನದಾದರೆ (ಲಿಥೋಗ್ರಫಿ) ಉಬ್ಬಿರದು, ಅಷ್ಟಕ್ಕೇ ತಳ್ಳಿಹಾಕಬೇಡಿ. ಕಂಪ್ಯೂಟರ್ ಪ್ರಿಂಟ್‌ನಲ್ಲಿ ಆ ಗೆರೆಯೇ ನೀಲಿ, ಕೆಂಪು, ಹಳದಿ ಚುಕ್ಕಿಗಳಾಗಿ ಒಡೆಯುತ್ತದೆ. ಬಾಂಡಿನ ಕ್ರಮಸಂಖ್ಯೆಯೇ ಅದಕ್ಕೆ ಅಂಟಿಕೊಂಡಿರುವ, ಬಡ್ಡಿ ಪಡೆಯಲು ಕತ್ತರಿಸಿ ಕೊಡುವ ಪ್ರತಿ ಕೂಪನ್ನಿನ ಮೇಲೂ ಇರಬೇಕು.

ಆಮೇಲೆ ಕತ್ತಲ ಕೋಣೆಯಲ್ಲಿ, ಅಂಗಡಿಗಳಲ್ಲಿ ನೋಟು ನೋಡುವ ನೇರಳಾತೀತ ದೀಪ ಹಿಡಿಯಿರಿ. ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆತ ಇತ್ತೀಚಿನ ಕಾಗದ ನೀಲಿಯಾಗಿ ಹೊಳೆಯುತ್ತದೆ. 1913ರ ಕಾಗದ ಮಂಕಾಗಿಯೇ ಇರಬೇಕು. ಚಹಾ ಡಿಕಾಕ್ಷನ್‌ನಲ್ಲಿ ಅದ್ದಿದ್ದರೆ ಈ ಹೊಳಪು ಮುಚ್ಚಿಹೋಗಬಹುದು, ಹಾಗಾಗಿ ಹರಿದ ಜಾಗದ ಒಳ ಎಳೆಗಳನ್ನು ನೋಡಿ. ಅದ್ದಿದ ಕಾಗದದ ನಡುಭಾಗವೂ ಅಂಚೂ ಒಂದೇ ಕಂದು. ನಿಜವಾಗಿ ಹಳತಾದದ್ದು ಗಾಳಿ ತಾಗಿದ ಅಂಚು, ಮಡಿಕೆಗಳಲ್ಲಿ ಹೆಚ್ಚು ಕಂದಿರುತ್ತದೆ.

ಪತ್ರ ಅಸಲಿಯಾದ ಮಾತ್ರಕ್ಕೆ ಹಣ ಬರುತ್ತದೆಂದಲ್ಲ. ಆ ಚೀನಾ ಸಾಲದ ಕಂತು 1939ರಲ್ಲೇ ನಿಂತುಹೋಯಿತು. ಇವತ್ತು ಅದಕ್ಕಿರುವುದು ಸಂಗ್ರಾಹಕರು ಕೊಡುವ ಬೆಲೆ ಮಾತ್ರ. ಜೊತೆಗೆ ತೋರಿಸುವ ನೋಟರಿ ಮುದ್ರೆ ಸಹಿ ಮಾಡಿದವರ ಗುರುತಿಗೇ ಹೊರತು ಬಾಂಡಿನ ಸಾಚಾತನಕ್ಕಲ್ಲ. ಮನೆಯಲ್ಲಿ ಭಾರತ ಸರ್ಕಾರದ ಹಳೆಯ ಸಾಲಪತ್ರ ಸಿಕ್ಕಿದರೆ ದಲ್ಲಾಳಿಯ ಕೈಗೆ ಮೂಲಪತ್ರ ಕೊಡಬೇಡಿ. ಎರಡೂ ಬದಿಯ ಜೆರಾಕ್ಸ್ ಹಿಡಿದು ರಿಸರ್ವ್ ಬ್ಯಾಂಕಿನ ಸಾರ್ವಜನಿಕ ಸಾಲ ಕಚೇರಿಯಲ್ಲಿ ವಿಚಾರಿಸಿ.

– ಹಳೆಯ ಹಣಕಾಸು ಪತ್ರಗಳ ಸಂಗ್ರಾಹಕರು, ಬೆಂಗಳೂರು