ನೈತಿಕ ಸಮಿತಿಯಲ್ಲಿ ನೇಕಾರರೂ ಇರಲಿ

ಊರಿನವರನ್ನೇ ಜೊತೆಗಿಟ್ಟುಕೊಂಡು ಮಾಡುವ ಆರೋಗ್ಯ ಸಂಶೋಧನೆಗೂ ಒಪ್ಪಿಗೆ ಕೊಡುವ ನೈತಿಕ ಸಮಿತಿಯಲ್ಲಿ ಆ ಊರಿನವರು ಇರುವುದು ಅಪರೂಪ. ಇಳಕಲ್ಲ, ಗುಳೇದಗುಡ್ಡದ ಮಗ್ಗದ ಮನೆಗಳಿಗೆ ಸಂಶೋಧಕರು ಬೆನ್ನುನೋವು, ಕಣ್ಣಿನ ತೊಂದರೆ ಕೇಳಿಕೊಂಡು ಬರುತ್ತಾರೆ. ಲಾಳಿ ನಿಲ್ಲಿಸಿ ಉದ್ದನೆಯ ಫಾರಂಗೆ ಸಹಿ ಹಾಕಬೇಕು. ಅಷ್ಟು ಹೊತ್ತಿನ ಕೂಲಿ ಹೋಯಿತು. ವರದಿ ಮಾತ್ರ ಊರಿಗೆ ಬರುವುದಿಲ್ಲ. ವರದಿಯಲ್ಲಿ ಹೆಸರು ಬರೆಯದಿದ್ದರೂ ಓಣಿ, ಮಗ್ಗ ಹೇಳಿದರೆ ಸಾಕು, ಯಾರ ಮನೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ, ಅಲ್ವಾ? ಸಮಿತಿಯಲ್ಲಿ ಒಬ್ಬ ಸಾಮಾನ್ಯ ನಾಗರಿಕ ಇರಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯೇ ಹೇಳುತ್ತದೆ. ಆ ಕುರ್ಚಿಗೆ ಸುಮ್ನೆ ಯಾರೋ ನಿವೃತ್ತ ಅಧಿಕಾರಿ ಬೇಡ. ಮಗ್ಗದ ಕೆಲಸ ಬಲ್ಲ ಹೆಣ್ಣುಮಗಳೊಬ್ಬರನ್ನು ಕೂರಿಸಲಿ. ವರದಿಯನ್ನು ಕನ್ನಡದಲ್ಲಿ ಓಣಿಯವರ ಮುಂದೆ ಓದಿ ಹೇಳುವ ಷರತ್ತನ್ನೂ ಸಮಿತಿ ಕೊಡುವ ಒಪ್ಪಿಗೆ ಪತ್ರದಲ್ಲೇ ಸೇರಿಸಲಿ.

– ಒಬ್ಬ ಓದುಗ, ಇಳಕಲ್ಲ, ಬಾಗಲಕೋಟೆ ಜಿಲ್ಲೆ