ಪಿಯು ಅಂಕವನ್ನು ಕೈಬಿಡಬಾರದು

ಮಾನ್ಯರೇ,

ರಾಜ್ಯದಲ್ಲಿ ಎಂಜಿನಿಯರಿಂಗ್ ಸೀಟು ಹಂಚಿಕೆಗೆ ಸಿಇಟಿ ಅಂಕಗಳನ್ನೂ ದ್ವಿತೀಯ ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಅಂಕಗಳನ್ನೂ ತಲಾ ಶೇ 50ರಂತೆ ಪರಿಗಣಿಸಿ ರ‍್ಯಾಂಕ್ ನೀಡಲಾಗುತ್ತದೆ. ಪಿಯು ಅಂಕ ಕೈಬಿಟ್ಟು ಪ್ರವೇಶ ಪರೀಕ್ಷೆಯೊಂದನ್ನೇ ನೆಚ್ಚಬೇಕೆಂಬ ವಾದವನ್ನು ಒಪ್ಪಲಾಗದು.

ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಒಎಂಆರ್ ಹಾಳೆಯಲ್ಲಿ ಸರಿಯಾದ ವೃತ್ತ ತುಂಬಿದರೆ ಸಾಕು, ತಪ್ಪು ಉತ್ತರಕ್ಕೆ ಅಂಕ ಕಡಿತವೂ ಇಲ್ಲ. ಪಿಯು ಉತ್ತರಪತ್ರಿಕೆಯಲ್ಲಾದರೋ ಸೂತ್ರವನ್ನು ಹಂತಹಂತವಾಗಿ ಸಾಧಿಸಿ ತೋರಿಸಬೇಕು. ಕೊನೆಯ ಉತ್ತರ ತಪ್ಪಿದರೂ ಸರಿಯಾದ ಹಂತಗಳಿಗೆ ಅಂಕ ಸಿಗುತ್ತದೆ, ಬ್ಯುರೆಟ್ ಹಿಡಿದು ಟೈಟ್ರೇಷನ್ ಮಾಡಿದ ಪ್ರಾಯೋಗಿಕ ಪರೀಕ್ಷೆಯ ಅಂಕವೂ ಸೇರುತ್ತದೆ. ವೈದ್ಯಕೀಯ ಪ್ರವೇಶಕ್ಕೆ ನೀಟ್ ಒಂದೇ ನಿರ್ಣಾಯಕವಾದ ಮೇಲೆ, ಎಷ್ಟೋ ಕಡೆ ಪಿಯು ತರಗತಿ ಹಾಜರಾತಿಗಷ್ಟೇ ಸೀಮಿತವಾಗಿದೆ. ಬೆಂಗಳೂರಿನಲ್ಲಿ ಕೋಚಿಂಗ್ ಶುಲ್ಕ ಭರಿಸಬಲ್ಲವರ ಮಕ್ಕಳಿಗೆ ಇದು ಅನುಕೂಲ. ಸರ್ಕಾರಿ ಕಾಲೇಜಿನ ಉಪನ್ಯಾಸಕರ ಪಾಠವನ್ನೇ ನಂಬಿದ ಬಡ ವಿದ್ಯಾರ್ಥಿನಿಗೆ ಘೋರ ಅನ್ಯಾಯ.

ರಾಜ್ಯ ಮಂಡಳಿ, ಸಿಬಿಎಸ್‌ಇ, ಐಎಸ್‌ಸಿಗಳ ಮೌಲ್ಯಮಾಪನ ಒಂದೇ ಬಗೆಯದಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. 2021ರಲ್ಲಿ ಕೋವಿಡ್‌ನಿಂದಾಗಿ ಸಿಇಟಿ ಅಂಕಗಳನ್ನಷ್ಟೇ ಪರಿಗಣಿಸಿದ್ದು, ಮರುವರ್ಷ ಮತ್ತೆ ಸಿಇಟಿ ಬರೆದ ಆ ಸಾಲಿನ ಪುನರಾವರ್ತಿತ ಅಭ್ಯರ್ಥಿಗಳ ಪಿಯು ಅಂಕವನ್ನು ಪರಿಗಣಿಸಬೇಕೇ ಎಂಬ ವಿವಾದ ಹೈಕೋರ್ಟ್ ಮೆಟ್ಟಿಲೇರಿದ್ದು ಎಲ್ಲರಿಗೂ ತಿಳಿದದ್ದೇ. ಆದ್ದರಿಂದ ಶೇ 50ರ ಪಾಲನ್ನು ಉಳಿಸಿಕೊಂಡು, ಪ್ರತಿ ಮಂಡಳಿಯ ವಿದ್ಯಾರ್ಥಿಗಳ ಅಂಕಗಳನ್ನು ಆಯಾ ಮಂಡಳಿಯೊಳಗಿನ ಪರ್ಸೆಂಟೈಲ್ (ಶೇಕಡಾ ಎಷ್ಟು ಮಂದಿಗಿಂತ ಮುಂದಿದ್ದಾರೆ ಎಂಬ ಲೆಕ್ಕ) ಆಗಿ ಪರಿವರ್ತಿಸುವ ಕ್ರಮವನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪರಿಶೀಲಿಸಲಿ, ಆ ಲೆಕ್ಕಾಚಾರವನ್ನು ಅರ್ಜಿ ಆಹ್ವಾನಿಸುವ ಮುನ್ನವೇ ಕನ್ನಡದಲ್ಲಿ ಪ್ರಕಟಿಸಲಿ.

– ಓರ್ವ ಪೋಷಕಿ, ರಾಜಾಜಿನಗರ, ಬೆಂಗಳೂರು